ಐದು ದೇಶದ ಊಟಕ್ಕೆ ಒಂದು ಕುರ್ಚಿ

ವಿನಿಪೆಗ್
ಜನವರಿ 11

ಪ್ರೀತಿಯ ಸ್ಟೆಫ್ಕಾ ಅಕ್ಕ,

ಮೊದಲು ಲೆಕ್ಕ ಒಪ್ಪಿಸುತ್ತೇನೆ, ಆಮೇಲೆ ಕ್ಷಮೆ ಕೇಳುತ್ತೇನೆ. ಜಪಾನಿನ ಸುಶಿ ತಟ್ಟೆಗೆ ತೊಂಬತ್ತಾರು ಡಾಲರ್. ಇಥಿಯೋಪಿಯಾದ ಹುಳಿರೊಟ್ಟಿ ಮತ್ತು ಬೇಳೆಗೆ ಐವತ್ತೆಂಟು. ಮೆಕ್ಸಿಕೋಗೆ ಎಪ್ಪತ್ತೊಂದು, ಲೆಬನಾನಿಗೆ ಅರವತ್ತನಾಲ್ಕು. ಕಾಗದದ ತಟ್ಟೆ ಲೋಟಕ್ಕೆ ಹದಿನೆಂಟು. ನನ್ನವಳು ಒಲೇಸ್ಯಾ ಹಟ ಹಿಡಿದು ಮಾಡಿದ ಒಂದು ಬೋಗುಣಿ ಕುಟ್ಯಾಕ್ಕೆ ಗೋಧಿ, ಗಸಗಸೆ, ಜೇನು ಎಲ್ಲ ಸೇರಿ ಇಪ್ಪತ್ಮೂರು. ಫಿಲಿಪೀನ್ಸ್ ಎದುರಿಗೆ ಸೊನ್ನೆ. ಒಟ್ಟು ಮುನ್ನೂರ ಮೂವತ್ತು. ಹಿಂದಿನ ಕ್ರಿಸ್ಮಸ್‌ಗೆ ಇದೇ ಒಲೇಸ್ಯಾ ನಮ್ಮ ಉಕ್ರೇನಿನ ಪದ್ಧತಿಯಂತೆ ಹನ್ನೆರಡು ಬಗೆ ಮಾಡಿ ಬಡಿಸಿದಾಗ ನೂರಾ ನಲವತ್ತು ದಾಟಿರಲಿಲ್ಲ. ಆರಾಮವಾಗಿ ಹಬ್ಬ ಮಾಡೋಣ ಎಂದು ಹೊರಟರೆ ಎರಡರಷ್ಟು ಬೀಳುತ್ತದೆ ಎನ್ನುವುದು ಈ ವಯಸ್ಸಿನಲ್ಲಿ ಕಲಿತ ಪಾಠ.

ಇನ್ನು ಕ್ಷಮೆ. ಕ್ರಿಸ್ಮಸ್ ದಿನ ನೀನು ಫೋನು ಮಾಡಿ "ಹೆಂಗಾಯ್ತೋ ಹೊಸ ಥರದ ಊಟ?" ಎಂದಾಗ "ಚೆನ್ನಾಗಾಯ್ತು" ಎಂದು ಹೇಳಿ ಒಲೇಸ್ಯಾಳ ಕೈಗೆ ಕೊಟ್ಟುಬಿಟ್ಟೆ. ನಲವತ್ತು ವರ್ಷ ಸೈಲೆನ್ಸರ್ ರಿಪೇರಿ ಮಾಡಿದವನು ನಾನು. ಬೀದಿಯಲ್ಲಿ ಹೋಗುವ ಗಾಡಿಯ ಸದ್ದು ಕೇಳಿ ಎಲ್ಲಿ ತೂತು ಬಿದ್ದಿದೆ ಎಂದು ಕೂತಲ್ಲೇ ಹೇಳುತ್ತಿದ್ದೆ. ನನ್ನ ಮನೆಯದೇ ಸದ್ದು ನಿನಗೆ ಕೇಳಿಸಬಾರದೆಂದು ಎರಡು ವಾರ ಬಾಯಿ ಮುಚ್ಚಿಕೊಂಡಿದ್ದೆ. ನಿನ್ನ ಸೊಂಟ ಹೇಗಿದೆ? ನಿಮ್ಮ ಕೆಲೋನಾದಲ್ಲಿ ಮಳೆಯಂತೆ. ಇಲ್ಲಿ ಮೈನಸ್ ಇಪ್ಪತ್ತೆಂಟು, ಕಾರು ನನ್ನಷ್ಟೇ ಕೆಮ್ಮುತ್ತದೆ.

ಶುರುವಾದದ್ದು ಅಕ್ಟೋಬರಿನಲ್ಲಿ. ಸೊಸೆ ಡೆನೀಸ್ ಒಂದು ಭಾನುವಾರ ಮೊಮ್ಮಗಳು ಆನ್ಯಾಳನ್ನು ಕರೆದುಕೊಂಡು ಬಂದಳು.

"ಮಾವ, ಈ ಸಲ ಅತ್ತೆ ಒಲೆ ಮುಂದೆ ಮೂರು ದಿನ ನಿಲ್ಲೋದು ಬೇಡ. ಹನ್ನೆರಡು ಬಗೆ ಬೇಡ, ಬಿಳಿ ಮೇಜುಬಟ್ಟೆ ಬೇಡ. ಒಂದೊಂದು ದೇಶದ್ದು ಒಂದೊಂದು ಅಡುಗೆ. ಸ್ವಲ್ಪ ಮಾಡೋಣ, ಸ್ವಲ್ಪ ತರಿಸೋಣ. ಸೋಫಾ ಮೇಲೆ ಕಾಲು ಚಾಚ್ಕೊಂಡು ತಿನ್ನೋಣ."

"ಯೇಸು ಹುಟ್ಟಿದ್ದು ಸೋಫಾ ಮೇಲಲ್ಲಮ್ಮ," ಎಂದೆ.

"ಮೇಜಿನ ಮೇಲೂ ಅಲ್ಲ ಮಾವ," ಎಂದಳು.

ನಾನು ಹಾರಾಡಿರುತ್ತೇನೆ ಎಂದು ನೀನು ಅಂದುಕೊಳ್ಳುವೆ. ಇಲ್ಲ. ಮಗ ತರಾಸ್ ತೀರಿಹೋಗಿ ಬರುವ ಮಾರ್ಚಿಗೆ ಮೂರು ವರ್ಷ. ನಮಗೆ ಈ ಊರಿನಲ್ಲಿ ಉಳಿದಿರುವುದು ಅವನ ಹೆಂಡತಿ ಮತ್ತು ಮಗಳು, ಇಬ್ಬರೇ. ಮೊದಲು ತಿಂಗಳಿಗೆ ನಾಲ್ಕೂ ಭಾನುವಾರ ಬರುತ್ತಿದ್ದರು. ಆಮೇಲೆ ಎರಡು, ಈಗ ಒಂದು. ಹೀಗೆ ಇಳಿಯುವ ವ್ಯಾಪಾರ ಕೊನೆಗೆ ಎಲ್ಲಿ ನಿಲ್ಲುತ್ತದೆ ಎಂದು ಅಂಗಡಿ ಇಟ್ಟವನಿಗೆ ಗೊತ್ತು. ಡೆನೀಸ್ ನಮಗೆ ರಕ್ತಸಂಬಂಧವಲ್ಲ; ನಾಳೆ ಅವಳು ಬಾಗಿಲು ಎಳೆದುಕೊಂಡರೆ ಆನ್ಯಾಳ ಮುಖ ಫೋಟೋದಲ್ಲಿ ನೋಡಬೇಕು. ಕಾಗದದ ತಟ್ಟೆಯಲ್ಲಿ ಹಸಿಮೀನು ತಿಂದರೆ ಆ ಹುಡುಗಿ ಮನೆಗೆ ಬರುತ್ತಾಳೆ ಎಂದರೆ, ತಟ್ಟೆಯನ್ನೂ ತಿನ್ನಲು ನಾನು ತಯಾರಿದ್ದೆ.

ಒಲೇಸ್ಯಾ ಎರಡೇ ಷರತ್ತು ಹಾಕಿದಳು. ಆ ರಾತ್ರಿ ಮಾಂಸ ಇಲ್ಲ, ಮೀನು ಆಗಬಹುದು. ಮತ್ತು ಸತ್ತವರ ತಟ್ಟೆ ಇರಲೇಬೇಕು, ಕುಟ್ಯಾದ ಮೊದಲ ಚಮಚ ಅದಕ್ಕೇ. ನಮ್ಮಮ್ಮನ ನಿಯಮ ನಿನಗೆ ಹೇಳಬೇಕೆ? ಒಂದು ಕುರ್ಚಿ, ಒಂದು ತಟ್ಟೆ, ಒಂದು ಮೇಣದ ಬತ್ತಿ ಮನೆಯಲ್ಲಿ ತೀರಿಕೊಂಡವರಿಗೆ. ಆದರೆ ಅಷ್ಟರಲ್ಲಿ ಯಾರಾದರೂ ಬಾಗಿಲಿಗೆ ಬಂದರೆ ಆ ಜಾಗ ಅವರದು, ಅವರನ್ನು ಎಬ್ಬಿಸುವ ಹಾಗಿಲ್ಲ. ಡಾಫಿನ್‌ನ ಹೊಲದ ಮನೆಗೆ ಹಿಮಗಾಳಿಗೆ ಸಿಕ್ಕಿ ಹೊಲಿಗೆ ಯಂತ್ರ ಮಾರುವವನು ಬಂದಿದ್ದ, ನೆನಪಿದೆಯೆ? ಅಮ್ಮ ಅವನನ್ನು ಅಜ್ಜನ ತಟ್ಟೆಗೆ ಕೂರಿಸಿದಳು. ಉಂಡು ಏಳುವಾಗ ಯಂತ್ರಕ್ಕೆ ಐದು ಡಾಲರ್ ಇಳಿಸಿದ.

ಡೆನೀಸ್ ಎರಡಕ್ಕೂ ಒಪ್ಪಿದಳು. ಫ್ರಿಜ್ಜಿನ ಮೇಲೆ ಪಟ್ಟಿ ಅಂಟಿಸಿದಳು: ದೇಶ, ಅಡುಗೆ, ಯಾರು, ಎಷ್ಟು. ನನಗೆ ಬಿದ್ದದ್ದು ಮೆಕ್ಸಿಕೋ. ಹುರುಳಿಕಾಯಿ ಗಾತ್ರದ ಮೆಣಸಿನಕಾಯಿ ಹುಡುಕಿ ಮೂರು ಅಂಗಡಿ ಅಲೆದೆ. ಪಟ್ಟಿಯ ಕಡೆಯ ಸಾಲು ಫಿಲಿಪೀನ್ಸ್, ಪನ್ಸಿತ್ ಎಂಬ ಶಾವಿಗೆ. ಯಾರು ಎನ್ನುವ ಕಡೆ ಏನೂ ಇರಲಿಲ್ಲ. ಎಷ್ಟು ಎನ್ನುವ ಕಡೆ ಸೊನ್ನೆ.

"ಇದ್ಯಾಕಮ್ಮ ಸೊನ್ನೆ?"

"ಗೊತ್ತಿರೋರು ಮಾಡ್ಕೊಡ್ತಾರೆ ಮಾವ."

"ಜಪಾನಲ್ಲೂ ಯಾರಾದ್ರೂ ಗೊತ್ತಿರೋರನ್ನ ಮಾಡ್ಕೊಂಡಿದ್ರೆ ತೊಂಬತ್ತಾರು ಉಳೀತಿತ್ತು," ಎಂದು ನಾನೇ ನಕ್ಕೆ. ಒಲೇಸ್ಯಾ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದಳು.

ಇಪ್ಪತ್ನಾಲ್ಕನೇ ತಾರೀಖು ಸಂಜೆ ಕುರ್ಚಿಗಳನ್ನೆಲ್ಲ ನೆಲಮಾಳಿಗೆಗೆ ಸಾಗಿಸಿದ್ದೆವು. ಮೇಜನ್ನು ಗೋಡೆಗೆ ಒತ್ತಿ ಅದರ ಮೇಲೆ ಜಗತ್ತನ್ನೇ ಸಾಲಾಗಿ ಜೋಡಿಸಿದ್ದಾಯಿತು. ಮೇಜಿನ ತುದಿಯಲ್ಲಿ ತರಾಸನ ಕುರ್ಚಿ, ಪಿಂಗಾಣಿ ತಟ್ಟೆ, ಮೇಣದ ಬತ್ತಿ. ಇಡೀ ಮನೆಯಲ್ಲಿ ಇದ್ದದ್ದು ಅದೊಂದೇ ಕುರ್ಚಿ, ಅದೊಂದೇ ನಿಜವಾದ ತಟ್ಟೆ. ಡೆನೀಸ್ ಸುಶಿ ತರಲು ಹೋಗಿದ್ದಳು. ಮೊದಲ ನಕ್ಷತ್ರ ಕಂಡ ಮೇಲೆಯೇ ಊಟ; ಅದನ್ನು ನೋಡಲು ಆನ್ಯಾ ಮಹಡಿಯ ಕಿಟಕಿಗೆ ಮೂಗೊತ್ತಿ ನಿಂತಿದ್ದಳು. ಒಲೇಸ್ಯಾ ಅಡುಗೆಮನೆಯಲ್ಲಿ. ಬಾಗಿಲ ಗಂಟೆ ಸದ್ದು ಮಾಡಿತು.

ನಲವತ್ತರ ಆಸುಪಾಸಿನ ಕುಳ್ಳನೆಯ ಗಂಡಸು. ಹುಬ್ಬಿನ ತುಂಬ ಹಿಮ. ಕೈಯಲ್ಲಿ ಟವೆಲು ಸುತ್ತಿದ ದೊಡ್ಡ ಟ್ರೇ. ಹೋಟೆಲಿನವನು ಎಂದುಕೊಂಡು ಟ್ರೇ ಇಸಿದುಕೊಂಡೆ. ಅವನ ಕೋಟಿನ ಜೇಬಿಗೆ ಹತ್ತು ಡಾಲರ್ ತುರುಕಿದೆ.

"ಬೇಡ ಸರ್, ಬೇಡ ಬೇಡ."

"ಹಬ್ಬ ಕಣಯ್ಯ, ಇಟ್ಕೊ. ಇನ್ನೂ ಎಷ್ಟು ಮನೆಗೆ ಕೊಡಬೇಕು?"

"ಇದೊಂದೇ ಮನೆ ಸರ್." ಆಮೇಲೆ ಟ್ರೇ ಕಡೆ ತೋರಿಸಿ, "ಹಂದಿ ಹಾಕಿಲ್ಲ. ಇವತ್ತು ನಿಮ್ಮಲ್ಲಿ ಮಾಂಸ ಇಲ್ಲ ಅಂತ ಗೊತ್ತು. ಬರೀ ತರಕಾರಿ, ಸೀಗಡಿ," ಎಂದ.

ಎಂಥ ಶಿಸ್ತಿನ ಹೋಟೆಲು ಎಂದು ಮೆಚ್ಚಿಕೊಂಡೆ ನೋಡು. ಅಷ್ಟರಲ್ಲಿ ಮಹಡಿಯಿಂದ ಆನ್ಯಾ "ನಕ್ಷತ್ರ! ನಕ್ಷತ್ರ ಬಂತು!" ಎಂದು ಕಿರುಚಿದಳು. ನನ್ನೊಳಗೆ ನಮ್ಮಮ್ಮ ಎದ್ದು ಕೂತಳು. "ಈ ಹೊತ್ತಲ್ಲಿ ಬಂದೋನ್ನ ಹಂಗೇ ಕಳಿಸಿದ್ರೆ ನಮ್ಮಮ್ಮ ಗೋರಿಯಿಂದ ಎದ್ಬಂದು ನನ್ನ ಕಿವಿ ಹಿಂಡ್ತಾಳೆ. ಬಾರಯ್ಯ, ಎರಡು ತುತ್ತು ತಿಂದು ಹೋಗು," ಎಂದೆ. ಅವನು ಶೂ ಬಿಚ್ಚಿಟ್ಟು, ಸಂಕೋಚದಿಂದ ಗೋಡೆಗೆ ಅಂಟಿ ನಿಂತ. ನಾನೇ ಅವನ ಮೊಣಕೈ ಹಿಡಿದೆ. ನಾನೇ ಕುರ್ಚಿ ಎಳೆದೆ. ಹೆಗಲ ಮೇಲೆ ಕೈಯಿಟ್ಟು ಒತ್ತಿ ಕೂರಿಸಿದೆ.

ಆನ್ಯಾ ಮೆಟ್ಟಿಲು ಇಳಿದು ಓಡಿ ಬಂದವಳು ಅಲ್ಲೇ ನಿಂತಳು.

"ರೊಡೆಲ್, ಅದು ಅಪ್ಪನ ಜಾಗ."

ಊಟ ತಂದುಕೊಡುವವನ ಹೆಸರು ನನ್ನ ಮೊಮ್ಮಗಳಿಗೆ ಹೇಗೆ ಗೊತ್ತು ಎಂದು ನಾನು ಕೇಳಲಿಲ್ಲ. ಸೊನ್ನೆ ಈಗ ಅರ್ಥವಾಯಿತು. ಅವನು ಬೆಂಕಿ ಮುಟ್ಟಿದವನಂತೆ ಎದ್ದ. ಅದೇ ಹೊತ್ತಿಗೆ ಮುಂಬಾಗಿಲು ತೆರೆದು ಡೆನೀಸ್ ಸುಶಿ ತಟ್ಟೆ ಹಿಡಿದು ಒಳಗೆ ಬಂದಳು, ನೋಡಿದಳು, ಹೊಸ್ತಿಲಲ್ಲೇ ಉಳಿದಳು. ಹಿಂದಿನಿಂದ ಚಳಿ ನುಗ್ಗುತ್ತಿತ್ತು. ಬಾಗಿಲು ಮುಚ್ಚಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಅಕ್ಕ, ವ್ಯಾಪಾರದಲ್ಲಿ ನಾನು ಎಷ್ಟೋ ಲೆಕ್ಕ ಗಳಿಗೆಯಲ್ಲಿ ಹಾಕಿದ್ದೇನೆ. ಇಷ್ಟು ಬೇಗ ಯಾವುದನ್ನೂ ಹಾಕಿರಲಿಲ್ಲ. ಈ ಒಬ್ಬನನ್ನು ಎದ್ದು ಹೋಗಲು ಬಿಟ್ಟರೆ ಈ ಬಾಗಿಲಿನಿಂದ ಮೂವರು ಹೋಗುತ್ತಾರೆ.

"ಕೂತ್ಕೊ," ಎಂದೆ. ಅವನು ಡೆನೀಸಳ ಮುಖ ನೋಡಿದ. "ಅವಳನ್ನೇನು ನೋಡ್ತೀಯ? ಕೂರಿಸಿದೋನು ನಾನು. ನಮ್ಮಲ್ಲಿ ಕೂತೋರನ್ನ ಎಬ್ಬಿಸೋ ಹಂಗಿಲ್ಲ. ಕೂತ್ಕೊ."

ಕೂತ. ಒಲೇಸ್ಯಾ ಕುಟ್ಯಾದ ಬೋಗುಣಿ ಹಿಡಿದು ಬಂದಳು. ಮೊದಲ ಚಮಚ ಎತ್ತಿ ಮಗನ ತಟ್ಟೆಯ ಹತ್ತಿರ ಬಂದಾಗ ಅದರ ಹಿಂದೆ ಒಬ್ಬ ಜೀವಂತ ಮನುಷ್ಯನಿದ್ದ. ಚಮಚ ಅಲ್ಲೇ ನಿಂತಿತು. ಆಮೇಲೆ ಇಳಿಯಿತು.

"ತಿನ್ನಪ್ಪ, ಆರಿಹೋಗುತ್ತೆ," ಎಂದಳು.

ಕುಟ್ಯಾ ತಣ್ಣಗೇ ತಿನ್ನುವುದು. ಅದರಲ್ಲಿ ಆರುವುದಕ್ಕೆ ಏನೂ ಇರಲಿಲ್ಲ. ಏನಾದರೂ ಹೇಳಬೇಕಿತ್ತು, ಹೇಳಿದಳು.

ಉಳಿದ ನಾಲ್ವರೂ ಸೋಫಾದ ಮೇಲೆ ಮೊಣಕಾಲಿನ ಮೇಲೆ ತಟ್ಟೆ ಇಟ್ಟುಕೊಂಡು ಆರಾಮವಾಗಿ ಊಟ ಮಾಡಿದೆವು. ಆರಾಮ ಎಂದರೆ ಅದು: ಬೇಳೆ ಕಾರ್ಪೆಟ್ಟಿಗೆ, ರೊಟ್ಟಿ ತೊಡೆಗೆ, ಮಾತು ಗಂಟಲಿಗೆ. ಅವನೊಬ್ಬನೇ ನೆಟ್ಟಗೆ ಮೇಜಿನ ಮುಂದೆ, ಮೇಣದ ಬತ್ತಿಯ ಬೆಳಕಿನಲ್ಲಿ, ಪರೀಕ್ಷೆ ಬರೆಯುವ ಹುಡುಗನಂತೆ ಕೂತಿದ್ದ. ಸಿಟಿ ಬಸ್ ಓಡಿಸುತ್ತಾನಂತೆ. ಡೆನೀಸ್ ಕೆಲಸಕ್ಕೆ ಹೋಗುವ ಬಸ್ಸು. ಒಳ್ಳೆಯವನು, ಅದೇ ನನ್ನ ಕಷ್ಟ. ಕೆಟ್ಟವನಾಗಿದ್ದರೆ ನಾಲ್ಕು ಬೈಗುಳ ಬೈದು ಹಗುರಾಗುತ್ತಿದ್ದೆ. ಇನ್ನೊಂದು ಹೇಳುತ್ತೇನೆ, ಒಲೇಸ್ಯಾಗೆ ಹೇಳಬೇಡ: ಐದು ದೇಶದಲ್ಲಿ ಬಾಯಿಗೆ ಹಿಡಿಸಿದ್ದು ಅವನ ಶಾವಿಗೆಯೇ. ಎರಡು ಸಲ ಹಾಕಿಸಿಕೊಂಡೆ. ನನಗೆ ನಾಚಿಕೆಯಾಗಬೇಕು.

ಊಟವಾದ ಮೇಲೆ ಡೆನೀಸ್ ಅಡುಗೆಮನೆಗೆ ಬಂದಳು. ಕಾಗದದ ತಟ್ಟೆಗಳಲ್ಲವೆ, ತೊಳೆಯಲು ಏನೂ ಇರಲಿಲ್ಲ. ನಾನು ಕುಟ್ಯಾದ ಚಮಚವನ್ನೇ ತೊಳೆಯುತ್ತ ನಿಂತಿದ್ದೆ.

"ಟ್ರೇ ಕೊಟ್ಟು, ಕಾಫಿ ಕುಡಿದು ಹೋಗ್ತಾನೆ ಅಂತ ಅಂದ್ಕೊಂಡಿದ್ದೆ ಮಾವ. ಇಷ್ಟು ದೇಶದ ಮಧ್ಯೆ ಅವನೂ ಒಬ್ಬ, ಮೆಲ್ಲಗೆ ಪರಿಚಯ ಮಾಡೋಣ ಅಂತ. ನೀವೇ ಕೂರಿಸಿಬಿಟ್ರಿ."

"ನಂಗೇನು ಗೊತ್ತಮ್ಮ?"

"ಗೊತ್ತಿದ್ರೆ ಕೂರಿಸ್ತಿದ್ರಾ?"

ಚಮಚವನ್ನು ಇನ್ನೊಮ್ಮೆ ತೊಳೆದೆ. ಮೇ ತಿಂಗಳಲ್ಲಿ ಮದುವೆ ಎಂದಳು. ಆನ್ಯಾ ಒಪ್ಪಿದ್ದಾಳೆ ಎಂದಳು. ಮುಂದಿನ ಕ್ರಿಸ್ಮಸ್ ರೊಡೆಲ್ ತಾಯಿಯ ಮನೆಯಲ್ಲಿ, ಮೂವತ್ತು ಜನ ಸೇರುತ್ತಾರೆ ಎಂದಳು. ನನ್ನ ಮುಖ ನೋಡಿ ಅವಸರವಾಗಿ, "ನೀವಿಬ್ರೂ ಬರಲೇಬೇಕು. ಅಲ್ಲೂ ಹಿಂಗೇ, ಒಬ್ಬೊಬ್ರು ಒಂದೊಂದು ದೇಶದ್ದು ತರೋದು. ಪಟ್ಟೀಲಿ ಆಗ್ಲೇ ನಿಮ್ಮ ಹೆಸರು ಹಾಕಿದೀನಿ. ಉಕ್ರೇನ್, ಆಲೂಗಡ್ಡೆ ಕಡುಬು," ಎಂದಳು.

ನೋಡಿದೆಯಾ ಅಕ್ಕ? ನಮ್ಮ ಅಜ್ಜ ಗುಡ್ಡೆ ಗುಡ್ಡೆ ಕಲ್ಲು ಹೆಕ್ಕಿ ಹೊಲ ಮಾಡಿದ, ನಮ್ಮಮ್ಮ ಮೇಜಿಗೆ ಒಣಹುಲ್ಲು ಹರಡಿ ಅದರ ಮೇಲೆ ಬಿಳಿ ಬಟ್ಟೆ ಹಾಸಿ ಹನ್ನೆರಡು ಬಗೆ ಬಡಿಸಿದಳು. ನನ್ನ ಮೊಮ್ಮಗಳ ಹಬ್ಬದಲ್ಲಿ ಈಗ ನಾವು ಪಟ್ಟಿಯ ಒಂದು ಸಾಲು. ಜಪಾನ್, ಮೆಕ್ಸಿಕೋ, ಅಜ್ಜ-ಅಜ್ಜಿ.

ಅವರು ಹೋದ ಮೇಲೆ ಒಲೇಸ್ಯಾಳನ್ನು ಕೇಳಿದೆ, "ನಿಂಗೆ ಗೊತ್ತಿತ್ತಾ?"

"ಸೊನ್ನೆ ನೋಡಿದ ದಿನಾನೇ. ಅಷ್ಟು ಶಾವಿಗೆ ಪುಕ್ಕಟೆ ಯಾರು ಮಾಡ್ತಾರೆ ಮೈರಾನ್? ಒಂದೋ ತಾಯಿ ಮಾಡ್ಬೇಕು, ಇಲ್ಲ ಮದುವೆ ಆಗೋನು ಮಾಡ್ಬೇಕು."

"ನಂಗೆ ಹೇಳ್ಬಾರದಿತ್ತಾ?"

"ಹೇಳಿದ್ರೆ ನೀನು ಬಾಯಿ ಬಿಡ್ತಿದ್ದೆ. ಕ್ರಿಸ್ಮಸ್ ಊಟದ ವಿಷಯದಲ್ಲಿ ನೀನು ಬಾಯಿ ಬಿಟ್ಟಿದ್ದು ಒಂದ್ಸಲ ಸಾಕು."

ನಾನು ಚಾಪೆಯ ಕೆಳಗೆ ನುಸುಳುವವನಾದರೆ ಇವಳು ರಂಗೋಲಿಯ ಕೆಳಗೆ. ಐವತ್ತು ವರ್ಷ ಸಂಸಾರ ಮಾಡಿದ್ದೇನೆ, ಇನ್ನೂ ತಿಳಿಯಲಿಲ್ಲ.

ಕೈ ನೋಯುತ್ತಿದೆ, ಇಲ್ಲಿಗೆ ಮುಗಿಸುತ್ತೇನೆ. ಸೊಂಟಕ್ಕೆ ಡಾಕ್ಟರು ಹೇಳಿದಷ್ಟು ನಡೆ, ಪಕ್ಕದ ಮನೆಯವಳು ಹೇಳಿದಷ್ಟಲ್ಲ. ದೇವರು ನಿನಗೆ ಬೆಚ್ಚನೆಯ ಮನೆ, ಗಟ್ಟಿ ಹಲ್ಲು, ಕಡಿಮೆ ಸಂಬಂಧಿಕರನ್ನು ಕೊಟ್ಟು ಕಾಪಾಡಲಿ.

ನಿನ್ನ ತಮ್ಮ,
ಮೈರಾನ್

ಮರೆತದ್ದು: ಮರೆತದ್ದಲ್ಲ, ಬರೆಯಬಾರದು ಎಂದುಕೊಂಡಿದ್ದೆ. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ.

ತರಾಸನ ಕೊನೆಯ ಕ್ರಿಸ್ಮಸ್‌ಗೆ ಅವನು ಬರಲಿಲ್ಲ, ಜ್ವರ ಎಂದು ನಿನಗೆ ಹೇಳಿದ್ದೆ. ಜ್ವರ ಇರಲಿಲ್ಲ. ಆ ವರ್ಷ ಅವನೇ ಬಂದು, "ಅಪ್ಪ, ಅಮ್ಮನ ಮೊಣಕಾಲು ನೋಡು. ಈ ಸಲ ಒಲೆ ಹಚ್ಚೋದು ಬೇಡ. ಒಬ್ಬೊಬ್ರು ಒಂದೊಂದು ದೇಶದ್ದು ತರೋಣ, ಆರಾಮಾಗಿ ತಿನ್ನೋಣ," ಎಂದು ಕೇಳಿದ್ದ. ಡೆನೀಸ್ ಅಕ್ಟೋಬರಿನಲ್ಲಿ ಆಡಿದ್ದು ಅವನ ಮಾತನ್ನೇ. "ಈ ಮನೇಲಿ ಹನ್ನೆರಡು ಬಗೆ. ಬೇಡದೋನು ಬರ್ಬೇಕಾಗಿಲ್ಲ," ಎಂದಿದ್ದೆ ನಾನು. ಅವನು ಬರಲಿಲ್ಲ, ಹೆಂಡತಿ ಮಗಳನ್ನೂ ಕಳಿಸಲಿಲ್ಲ. ಆ ರಾತ್ರಿ ನಾವಿಬ್ಬರೇ ಮೇಜಿಗೆ ಕೂತಾಗ, "ತರಾಸ್‌ಗೆ ಒಂದು ತಟ್ಟೆ ಇಡ್ಲಾ? ತಡವಾಗಿ ಆದ್ರೂ ಬರ್ಬಹುದು," ಎಂದಳು ಒಲೇಸ್ಯಾ. ನಾನು ಸತ್ತವರ ತಟ್ಟೆ ತೋರಿಸಿ, "ಅದೇ ಇದೆಯಲ್ಲ, ಸಾಕು," ಎಂದೆ. ಮಾರ್ಚಿನಲ್ಲಿ ಹೆದ್ದಾರಿಯ ಮಂಜುಗಡ್ಡೆಯ ಮೇಲೆ ಅವನ ಕಾರು ಜಾರಿತು. ನಡುವಿನ ಮೂರು ತಿಂಗಳು ನಾನು ಫೋನು ಮಾಡಿರಲಿಲ್ಲ. ಒಲೇಸ್ಯಾ ಆ ಮಾತನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ, ನನಗೂ ನೆನಪಿಸಿರಲಿಲ್ಲ. ಈ ಸಲ "ಒಂದ್ಸಲ ಸಾಕು" ಎಂದು ನೆನಪಿಸಿದಳು.

ಇಷ್ಟು ನಡೆದದ್ದರಲ್ಲಿ ಯಾರಿಗೆ ಏನು ಸಿಕ್ಕಿತು ಎಂದು ಕೇಳಿದರೆ: ಡೆನೀಸ್‌ಗೆ ಗಂಡ ಸಿಕ್ಕ. ಆನ್ಯಾಗೆ ಅಪ್ಪ ಅಲ್ಲದಿದ್ದರೂ ಬಸ್ ಸ್ಟಾಪಿಗೆ ಬಂದು ಕರೆದುಕೊಂಡು ಹೋಗುವವನು ಸಿಕ್ಕ. ರೊಡೆಲ್‌ಗೆ ಒಂದು ಮನೆ. ಒಲೇಸ್ಯಾಳ ಮೊಣಕಾಲಿಗೆ ಮೂರು ದಿನ ಬಿಡುವು. ತರಾಸ್‌ಗೆ ಅವನು ಕೇಳಿದ ಊಟ, ಮೂರು ವರ್ಷ ತಡವಾಗಿ. ನನಗೆ ಏನೂ ಇಲ್ಲ, ಅದು ಸರಿಯಾಗಿದೆ.