ಒಂದೇ ಹುರ್ಯೋ

ಅಪ್ಪಾ,

ನೀನು ತೀರಿಕೊಂಡು ಆರು ವರ್ಷದ ಮೇಲೆ, ಕುರಿ ಕರೆಯುವ ನಿನ್ನ ‘ಹುರ್ಯೋ’ ಇಂದು ಸಿಂಧನೂರಿನ ನಮ್ಮ ಕಾಲೇಜಿನಲ್ಲಿ ಕೇಳಿಸಿತು. ಕೂಗಿದವಳು ನಾನೇ ಎಂದು ಗೊತ್ತಾದದ್ದು ಪಕ್ಕದ ಕೊಠಡಿಯ ದಾನೇಶ್ವರಿ ಮೇಡಂ ಬಂದು ಹೇಳಿದಾಗ.

ನಾನು ಪ್ರೋಗ್ರಾಮಿಂಗ್ ಪಾಠ ಮಾಡುತ್ತಿದ್ದೆ. ಬೋರ್ಡಿನಲ್ಲಿ ‘ಪ್ರಾಣಿ’ ಎಂಬ ಮೂಲ ಕ್ಲಾಸ್, ಅಂದರೆ ಪ್ರೋಗ್ರಾಮಿನ ಒಂದು ಮಾದರಿ ವರ್ಗ, ಬರೆದಿದ್ದೆ. ಕರೆದರೆ ಓಗೊಡುವ ಗುಣ ಅದರಿಂದ ಹುಟ್ಟುವ ಕುರಿ, ಆಡು, ನಾಯಿ ಎಂಬ ಎಲ್ಲ ಮರಿ ಕ್ಲಾಸುಗಳಿಗೂ ಬರುತ್ತದೆ. ಓಗೊಡುವ ರೀತಿ ಮಾತ್ರ ಅವುಗಳದ್ದೇ. ಒಂದೇ ಹುರ್ಯೋಗೆ ಕುರಿಗಳು ಗುಂಪುಗೂಡುತ್ತವೆ, ಆಡು ಬಂಡೆಯಿಂದ ಇಳಿಯುತ್ತದೆ, ನಾಯಿ ಸುತ್ತು ಹಾಕುತ್ತದೆ. ಹೇಳುತ್ತಿದ್ದಂತೆ ಗೋಡೆ ಕರಗಿ ನೀನು ಕುರಿ ಮೇಯಿಸುತ್ತಿದ್ದ ಪಾಮನಕಲ್ಲೂರಿನ ಗುಡ್ಡ ಕಂಡಿತು, ನಿನ್ನ ಕಂಬಳಿಯ ವಾಸನೆ ಬಂತು. ಆಗಲೇ ಕೂಗಿರಬೇಕು.

“ನಮ್ಮಪ್ಪ ನನಗೂ ಹಂಗ ಕರೀತಿದ್ದ” ಎಂದೆ.

“ನೀವೇನ್ ಮಾಡ್ತಿದ್ರಿ ಮೇಡಂ? ಆಡಿನ್ಹಂಗ ಜಿಗೀತಿದ್ರೇನ್ರೀ?” ಎಂದಳು ಹಿಂದಿನ ಬೆಂಚಿನ ಮಹಾಲಕ್ಷ್ಮಿ. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಾನು ಓದುವಾಗ ಇದ್ದ ಲಿಂಗಸುಗೂರಿನ ಹಾಸ್ಟೆಲ್ ಗೇಟಿನಲ್ಲಿ ರೊಟ್ಟಿ ಗಂಟು ಹಿಡಿದು ನೀನು ಮೂರು ಸಲ ಹುರ್ಯೋ ಎಂದಿದ್ದೆ. ಗೆಳತಿಯರು ಕಿಟಕಿಯಲ್ಲಿ ನಿಂತು ನಗುತ್ತಿದ್ದರು. ನಾನು ಮಂಚದ ಮೇಲೆ ಕುಳಿತೇ ಇದ್ದೆ. ಗಂಟನ್ನು ಆಮೇಲೆ ವಾಚ್‌ಮನ್ ತಂದುಕೊಟ್ಟ. ರೊಟ್ಟಿ ಇನ್ನೂ ಮೆತ್ತಗಿದ್ದವು.

ಬೋರ್ಡಿನಲ್ಲಿ ‘ಮಗಳು’ ಎಂಬ ಕ್ಲಾಸ್ ಬರೆದು, ಅದರ ಕೆಳಗೆ ಓಗೊಡುವ ರೀತಿಯನ್ನು ಬರೆಯದೆ ಬಿಟ್ಟಿದ್ದೇನೆ. ಆ ಪ್ರೋಗ್ರಾಂ ಪೂರ್ತಿ ಮಾಡುವ ತರಗತಿ ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಇದೆ.