ಹೊಲಿಗೆ ಮಿಷನ್ನಿನ ಅವಿಭಾಜ್ಯ

ಮಂಗಳವಾರ, ಅಂಗಡಿ ಬಾಗಿಲು ಎಳೆದ ಮೇಲೆ

ವಾಚು ರಿಪೇರಿಯವರೇ,

ನೀವು ಹೋದಾಗಿನಿಂದ ಒಂದು ಗೀಟೂ ಬರೆಯದವಳು ಈಗೇಕೆ ಬರೆದಳು ಎಂದು ಕನ್ನಡಕ ಹಣೆಗೇರಿಸಬೇಡಿ. ನಾನು ಚೆನ್ನಾಗಿದ್ದೇನೆ. ಕೈತುಂಬ ಕೆಲಸವಿದೆ, ಕಿಟಕಿ ನನಗೆ ಬೇಕಾದಷ್ಟು ತೆರೆದಿರುತ್ತದೆ, ರೇಡಿಯೋಗಾಗಿ ಜಗಳವಿಲ್ಲ. ನೀವು ನಿಮ್ಮಕ್ಕನ ಊರಿಗೆ ಹೋಗಿ ಅಂಗಡಿ ಇಟ್ಟಿರಿ, ನಾನು ಗಿರಾಕಿಗಳನ್ನು ಬಿಟ್ಟು ಬರಲೊಲ್ಲೆ ಎಂದೆ. ಇಬ್ಬರೂ ಹಠಮಾರಿಗಳು, ಅದರಲ್ಲಿ ಹೊಸದೇನಿಲ್ಲ.

ವಿಷಯ ಬೇರೆ. ಭಾನುವಾರ ಆ ಊರಿನ ಗ್ರಂಥಾಲಯದ ಲೆಕ್ಕದ ಕೂಟದಲ್ಲಿ ನೀವು ಮಾತಾಡುತ್ತೀರಂತೆ, ನಮ್ಮ ಮಗಳು ಹೇಳಿದಳು. ನನ್ನ ಹೊಲಿಗೆ ಮಿಷನ್ನಿನ ಅಡಿಯಲ್ಲಿ ಕೆತ್ತಿರುವ ನಂಬರು 10,22,117 ಅವಿಭಾಜ್ಯ, ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದು ಎಂದು ತೋರಿಸುತ್ತೀರಂತೆ. ದಯವಿಟ್ಟು ತೋರಿಸಬೇಡಿ. ಅದು ಅವಿಭಾಜ್ಯ ಅಲ್ಲ.

ಕೋಪ ಮೂಗಿನ ತುದಿಗೆ ಬಂತೇ? ಇಳಿಸಿಕೊಂಡು ಓದಿ. ಎರಡರಿಂದ ಶುರುಮಾಡಿ ಒಂದೊಂದೇ ಅವಿಭಾಜ್ಯದಿಂದ ಭಾಗಿಸುತ್ತಾ, ಗಿರಾಕಿಗಳ ಗಡಿಯಾರ ನಿಂತೇ ಇದ್ದರೂ ನೀವು ಮಾತ್ರ ನಿಲ್ಲದೆ, 997ರವರೆಗೆ ಬಂದಿರಿ. ಪ್ರತಿಸಲವೂ ಶೇಷ ಉಳಿಯಿತು. “ಸಾವಿರದವರೆಗೂ ನೋಡಾಯ್ತು ಕಣೇ, ಇನ್ನು ಆಚೆ ಏನಿರುತ್ತೆ?” ಎಂದು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡಿರಿ. ಸಾವಿರದ ಸಾವಿರಪಟ್ಟು ಹತ್ತು ಲಕ್ಷ. ಸಂಖ್ಯೆ ಅಷ್ಟೇ ಇದ್ದಿದ್ದರೆ ಸಾವಿರಕ್ಕೆ ನಿಲ್ಲಬಹುದಿತ್ತು. ಇದು ಅದಕ್ಕಿಂತ ತುಸು ದೊಡ್ಡದಲ್ಲವೇ ಮಹಾರಾಯರೇ! 1011ರ ತನಕವಾದರೂ ಹೋಗಬೇಕಿತ್ತು. 997ರ ಮುಂದಿನ ಅವಿಭಾಜ್ಯವೇ 1009. ಅದರಿಂದ ಭಾಗಿಸಿ ನೋಡಿ, ಶೇಷ ಸೊನ್ನೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ನಾನು ಭಾಗಾಕಾರ ಮಾಡಲಿಲ್ಲ, ಬಟ್ಟೆಯ ಲೆಕ್ಕದಲ್ಲಿ ನೋಡಿದೆ. ಉದ್ದಗಲ ಎರಡೂ 1011 ಇರುವ ಚೌಕದ ಒಂದು ಮೂಲೆಯಿಂದ ಎರಡಕ್ಕೆರಡರ ಚೂರು ಕತ್ತರಿಸಿದರೆ ಉಳಿಯುವುದು ಸರಿಯಾಗಿ 10,22,117. ಮೂಲೆ ಹೋದ ಬದಿಯಲ್ಲಿ ಎರಡರ ಅಗಲದ ಪಟ್ಟಿಯೊಂದು ಉಳಿಯುತ್ತದೆ. ಅದನ್ನು ಕತ್ತರಿಸಿ ಮೇಲಂಚಿಗೆ ಹೊಲಿದರೆ ಅಗಲ 1009, ಉದ್ದ 1013. ಇವೆರಡೂ ಅವಿಭಾಜ್ಯಗಳೇ, ಬೇಕಾದರೆ ಪೆನ್ಸಿಲು ತೆಗೆಯಿರಿ. ಹಳೆಯ ಹೊದಿಕೆಯಲ್ಲಿ ಒಂದು ಪುಟ್ಟ ಮಾದರಿ ಹೊಲಿದಿದ್ದೇನೆ, ಕೂಟದಲ್ಲಿ ಅದನ್ನು ತೋರಿಸಿ. ತಪ್ಪನ್ನು ನೀವೇ ಹೇಳಿ ನಗಿಸಿದರೆ ಜನ ಚಪ್ಪಾಳೆ ತಟ್ಟುತ್ತಾರೆ. ಇನ್ನೊಬ್ಬರು ಎದ್ದು ನಿಂತು ಹೇಳಿದರೆ ನೀವು ವಾರಗಟ್ಟಲೆ ಸರಿಯಾಗಿ ಊಟ ಮಾಡುವವರಲ್ಲ. ಅದನ್ನು ನನ್ನಿಂದ ಸಹಿಸಲಾಗದು. ದೂರ ಇದ್ದರೂ ಸಹಿಸಲಾಗದು.

ಇಂತಿ,
ಜಗಳ ಇನ್ನೂ ಮುಗಿಸದ ನಿಮ್ಮ ಟೈಲರಮ್ಮ

ಈ ಕಾಗದದಲ್ಲಿ ಬರೆಯದೆ ಮನಸ್ಸಿನಲ್ಲೇ ಬಿಟ್ಟ ಮಾತು: ಇದು ನನಗೆ ಈಗ ಹೊಳೆದದ್ದಲ್ಲ. ನೀವು ಅವಿಭಾಜ್ಯ, ಅವಿಭಾಜ್ಯ ಎಂದು ಬೀದಿಗೆಲ್ಲ ಸಿಹಿ ಹಂಚಿ ಬಂದ ಸಂಜೆಯೇ ಗೊತ್ತಿತ್ತು. ಆಗ ನಿಮ್ಮ ಮುಖ ಎಷ್ಟು ಚೆನ್ನಾಗಿತ್ತೆಂದರೆ ಹೇಳಲು ಬಾಯಿಯೇ ಬರಲಿಲ್ಲ. ಮಾದರಿಯನ್ನು ಅಂಚೆಗೆ ಹಾಕುತ್ತಿಲ್ಲ, ಭಾನುವಾರ ಬೆಳಗಿನ ಬಸ್ಸಿಗೆ ನಾನೇ ತರುತ್ತೇನೆ. ಸೋಮವಾರವೂ ಅಂಗಡಿ ತೆರೆಯುವುದಿಲ್ಲ ಎಂದು ಗಿರಾಕಿಗಳಿಗೆ ಹೇಳಿಯಾಗಿದೆ.