ಕುಂಕುಮ ಹಚ್ಚಿದ ಪಾಟಿ

ತೇಲೂರು, ಬಸವಸಾಗರದ ಹಿನ್ನೀರು
ಎರಡನೆಯ ಶ್ರಾವಣದ ಮೂವತ್ತೆರಡನೇ ದಿನ, ನಿಮ್ಮ ಲೆಕ್ಕದಲ್ಲಿ ಇಸವಿ ೨೨೧೯

ಪಾಟಿಗಳನ್ನು ಮಾಡಿ ಬಿಟ್ಟುಹೋದ ಹಿರಿಯರಿಗೆ, ಸಾವಂತ್ರೆವ್ವ ಮಾಡುವ ನಮಸ್ಕಾರ.

ಶ್ರಾವಣಕ್ಕೆ ಮೂವತ್ತೆರಡು ದಿನ ಎಲ್ಲಿಂದ ಬಂತು ಎಂದು ಹುಬ್ಬೇರಿಸಬೇಡಿ. ಮಳೆಗಾಲ ಉದ್ದವಾದ ಮೇಲೆ ನಾವು ತಿಂಗಳುಗಳನ್ನೂ ಎಳೆದು ಉದ್ದ ಮಾಡಿಕೊಂಡಿದ್ದೇವೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ತೇಲೂರು ಎಂದರೆ ಪೀಪಾಯಿಗಳನ್ನು ಬಿಗಿದು, ಮೇಲೆ ಹಲಗೆ ಹಾಸಿ, ನೀರಿನ ಮೇಲೆ ಕಟ್ಟಿಕೊಂಡ ನಮ್ಮ ಊರು. ಪಾಟಿ ಎಂದರೆ ನೀವು ಟ್ಯಾಬ್ ಎನ್ನುತ್ತಿದ್ದ ವಸ್ತು. ಕ್ಷಮೆ ಕೇಳುವುದು ಇಲ್ಲಿಗೆ ಮುಗಿಯಿತು. ಇನ್ನು ಬೈಗುಳ.

ನಮ್ಮಲ್ಲಿ ಹೊಸ ಪಾಟಿ ಯಾರೂ ಮಾಡುವುದಿಲ್ಲ. ನೀವು ಎಸೆದವನ್ನೇ ದಂಡೆಯ ಗುಡ್ಡೆಗಳಿಂದ ಹೆಕ್ಕಿ ತಂದು, ತೊಳೆದು, ಬ್ಯಾಟರಿ ಬದಲಿಸಿ ಬಳಸುತ್ತೇವೆ. ಬೆಳಿಗ್ಗೆ ಗಾಳಿಯ ಸುದ್ದಿ ಕೇಳಿ ದೋಣಿ ಬಿಡುವುದು ಪಾಟಿಯಿಂದ, ತೆಪ್ಪದ ಮೇಲಿನ ಜೋಳಕ್ಕೆ ಎಷ್ಟು ನೀರು ಬೇಕೆಂದು ತಿಳಿಯುವುದೂ ಪಾಟಿಯಿಂದ. ಕೆಟ್ಟರೆ ನನ್ನ ಮನೆಗೆ ಬರುತ್ತವೆ. ರೊಟ್ಟಿ ಬಡಿಯುವ ಮರದ ಕೊಣಮಿಗೆಯ ಪಕ್ಕದಲ್ಲೇ ನನ್ನ ಸ್ಕ್ರೂಡ್ರೈವರುಗಳಿರುತ್ತವೆ. ಹೀಗಾಗಿ ನಮ್ಮ ಮನೆಯ ಎಷ್ಟೋ ಪಾಟಿಗಳಿಗೆ ಹಿಟ್ಟಿನ ವಾಸನೆ.

ಊರಿನ ಸೂಲಗಿತ್ತಿ ದ್ಯಾಮವ್ವನ ಬಳಿ ಒಂದು ಹಳೆಯ ಪಾಟಿ ಇದೆ. ಅದಕ್ಕೆ ಒಂದು ಕೋಲು ಜೋಡಿಸಿ ಬಸುರಿಯ ಹೊಟ್ಟೆಯ ಮೇಲೆ ಆಡಿಸಿದರೆ ಒಳಗಿನ ಮಗು ಕಾಣುತ್ತದೆ. ಆ ಕೋಲು ಬೇರೆ ಯಾವ ಪಾಟಿಯ ಮಾತೂ ಕೇಳುವುದಿಲ್ಲ. ನನ್ನ ತಂಗಿ ಮಹಾನಂದಾಳಿಗೆ ದಿನ ತುಂಬುತ್ತಿದ್ದಾಗಲೇ ಆ ಪಾಟಿ ತಾನೇ ಆರಿ, ತಾನೇ ಹೊತ್ತಿ, ಮಾಡಿದ ಕಂಪನಿಯ ಅಪ್ಪಣೆ ಪಡೆಯಿರಿ ಎಂದು ಹಟ ಹಿಡಿಯಿತು. ಕಂಪನಿ ಮಣ್ಣಾಗಿ ನೂರು ವರ್ಷವಾಗಿದೆ. ಸತ್ತವರ ಅಪ್ಪಣೆಯನ್ನು ಎಲ್ಲಿಂದ ತರಲಿ? ಮಹಾನಂದಾಳ ಮೊದಲ ಮಗು ಹೊಟ್ಟೆಯಲ್ಲಿ ಅಡ್ಡ ತಿರುಗಿ ಉಳಿಯಲಿಲ್ಲ. ಈ ಸಲವೂ ದ್ಯಾಮವ್ವನ ಕೈಗೆ ತಲೆ ಪಕ್ಕೆಯಲ್ಲಿ ಸಿಗುತ್ತಿತ್ತು. ಹೊರಗಿನಿಂದ ಒತ್ತಿ ತಿರುಗಿಸಬಲ್ಲೆ, ಆದರೆ ಹೊಕ್ಕುಳ ಹುರಿ ಎಲ್ಲಿದೆ ಎಂದು ನೋಡದೆ ಮುಟ್ಟಲಾರೆ ಎಂದು ಆಕೆ ಕೈ ಹಿಂದೆಗೆದಳು. ಗಾಳಿಯ ಕಾಲದಲ್ಲಿ ಆಸ್ಪತ್ರೆಯ ದಂಡೆಗೆ ದೋಣಿ ಹೋಗುವುದಿಲ್ಲ.

ಆದ್ದರಿಂದ ನಿಮ್ಮ ಕಂಪನಿಯ ವ್ಯವಸ್ಥೆಯನ್ನು ಅಳಿಸಿ ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆಯನ್ನು ಹಾಕಲು ಕುಳಿತೆ. ಲಿನಕ್ಸ್ ಮಾಡಿದವರಿಗೆ ಪುಣ್ಯ ಬರಲಿ, ಯಾರದೋ ಅಪ್ಪಣೆ ತನ್ನಿ ಎಂದು ಅವರು ಕೇಳುವುದಿಲ್ಲ. ಆದರೆ ಮೊದಲು ತೆರೆ ಅಡ್ಡ ತಿರುಗಿ ಬಂತು. ಮನೆಯವರೆಲ್ಲ ಕತ್ತು ವಾಲಿಸಿ ಓದಿದೆವು. ಬೆರಳನ್ನು ಮೇಲಕ್ಕೆ ಎಳೆದರೆ ಬಾಣ ಬಲಕ್ಕೆ ಓಡುತ್ತಿತ್ತು. ಪಾಸ್‌ವರ್ಡ್ ಕೇಳಿತು, ಒತ್ತಲು ಕೀಲಿಮಣೆ ಮಾತ್ರ ತೋರಿಸಲಿಲ್ಲ. ಹೊರಗಿನ ಕೀಲಿಮಣೆ ತಂದರೆ ಇರುವುದು ಒಂದೇ ತೂತು: ಕೀಲಿಮಣೆ ಸಿಕ್ಕಿಸಿದರೆ ಚಾರ್ಜ್ ಇಲ್ಲ, ಚಾರ್ಜಿಗೆ ಹಾಕಿದರೆ ಕೀಲಿಮಣೆ ಇಲ್ಲ. ಎರಡನೆಯ ತೂತು ಕೊರೆಯಲು ನಿಮಗೆ ಏನು ದಾಡಿಯಾಗಿತ್ತು? ವೈಫೈ ನಡೆಯಲು ಡ್ರೈವರ್ ಎಂಬ ತಂತ್ರಾಂಶ ಬೇಕು, ಡ್ರೈವರ್ ಇಳಿಸಲು ವೈಫೈ ಬೇಕು. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂಬ ಗಾದೆ ನಿಮ್ಮ ಕಾಲದಲ್ಲೂ ಇತ್ತಲ್ಲ, ಮರೆತಿರಾ?

ಶಾಲೆ ನಡೆಯುವ ದೋಣಿಯಿಂದ ಆ ಡ್ರೈವರನ್ನು ಮೆಮೊರಿ ಕಾರ್ಡಿನಲ್ಲಿ ತುಂಬಿ ತಂದೆ. ವೈಫೈ ಬಂತು, ಅದರ ಹಿಂದೆ ಉಳಿದ ಡ್ರೈವರುಗಳೂ ಬಂದವು, ತೆರೆ ನೆಟ್ಟಗಾಯಿತು. ನಗಬೇಕು ಅನ್ನುವಷ್ಟರಲ್ಲಿ ಕಪ್ಪಾಯಿತು. ಅಳಿಸಿ ಮತ್ತೆ ಹಾಕಿದೆ. ಡ್ರೈವರುಗಳೆಲ್ಲ ಬರುವವರೆಗೂ ಬೆಳಕು, ಬಂದ ಮರುಗಳಿಗೆ ಕತ್ತಲೆ. ಮಹಾನಂದಾ ಬಾಗಿಲಲ್ಲಿ ಹೊಟ್ಟೆ ಹಿಡಿದು ನಿಂತು ನೋಡುತ್ತಿದ್ದಳು.

ಕೊನೆಗೆ ತೆರೆಯ ಮೇಲೆ ಓರೆಯಾಗಿ ಟಾರ್ಚ್ ಬಿಟ್ಟೆ. ಅಕ್ಷರಗಳು ಮಸುಕಾಗಿ ಕಂಡವು. ಚಿತ್ರವಿದೆ, ಹಿಂದಿನ ದೀಪವಿಲ್ಲ. ಅದೇ ಟಾರ್ಚಿನಲ್ಲಿ ಪಾಟಿ ತನ್ನ ಬಗ್ಗೆ ಬರೆದುಕೊಂಡಿದ್ದನ್ನು ಸಾಲು ಸಾಲಾಗಿ ಓದಿದೆ. ಸುತ್ತಲೂ ಗಾಢ ಕತ್ತಲೆ, ದೀಪ ಇಳಿಸುತ್ತಿದ್ದೇನೆ ಎಂದಿತ್ತು. ಹೊರಗೆ ಸುಡುವ ಮಧ್ಯಾಹ್ನ! ಬೆಳಕು ಅಳೆಯುವ ಕಣ್ಣು ಎಲ್ಲಿದೆ ಎಂದು ಹುಡುಕಿದರೆ, ತೆರೆಯ ಮೇಲಂಚಿನ ನಡುವೆ, ಹಣೆಯಂತಿರುವ ಜಾಗದಲ್ಲಿ, ವರ್ಷ ವರ್ಷದ ಆಯುಧ ಪೂಜೆಯ ಕುಂಕುಮ ಎಣ್ಣೆಯೊಡನೆ ಕಲ್ಲಾಗಿ ಕುಳಿತಿತ್ತು. ಹಳೆಯ ವ್ಯವಸ್ಥೆಯಲ್ಲಿ ಯಾರೋ ಆ ಕಣ್ಣನ್ನು ಬಂದ್ ಮಾಡಿಟ್ಟಿದ್ದರು. ಲಿನಕ್ಸ್ ಪಾಪ, ಕಣ್ಣಿನ ಡ್ರೈವರ್ ಬಂದೊಡನೆ ಅದು ಹೇಳಿದ್ದನ್ನು ನಂಬಿತು.

ದ್ಯಾಮವ್ವನಿಗೆ ತೋರಿಸಿದರೆ ಆಕೆ ನನ್ನನ್ನೇ ಗದರಿದಳು. "ಇಷ್ಟ ವರ್ಷ ಹಚ್ಚೀನಿ, ಒಂದಿನಾನೂ ಅದಕ್ಕ ಸಿಟ್ಟ ಬಂದಿದ್ದಿಲ್ಲ. ನಿನ್ನ ಲಿನಕ್ಸ್ ಬಂದ ಮ್ಯಾಗ ಬಂದೈತಿ ನೋಡು."

ವಾದಿಸದೆ ಉಗುರಿನಿಂದ ಕೆರೆದೆ. ತೆರೆ ಫಳ್ಳನೆ ಹೊತ್ತಿತು. ಮಹಾನಂದಾಳ ಹೊಟ್ಟೆಯ ಮೇಲೆ ಕೋಲು ಆಡಿಸಿದೆವು: ಮಗು ಅಡ್ಡ ಮಲಗಿತ್ತು, ಹುರಿ ದೂರವಿತ್ತು. ದ್ಯಾಮವ್ವ ಎರಡೂ ಅಂಗೈಯಿಂದ ಒತ್ತುತ್ತಾ ಒತ್ತುತ್ತಾ ತಿರುಗಿಸಿದಳು, ಮಹಾನಂದಾ ನನ್ನ ಮಣಿಕಟ್ಟನ್ನು ಹಿಂಡುತ್ತಿದ್ದಳು. ತಲೆ ಕೆಳಕ್ಕೆ ಬಂದದ್ದನ್ನು ತೆರೆಯ ಮೇಲೆ ನೋಡಿ ನಾನು ಜೋರಾಗಿ ಅತ್ತೆ.

ಹಿರಿಯರೇ, ನಮ್ಮ ಮೌಢ್ಯವನ್ನು ಉಗುರಿನಿಂದ ಕೆರೆದು ತೆಗೆಯಬಹುದು. ನಿಮ್ಮ ಬೀಗವನ್ನು ಕೆರೆಯುವ ಉಗುರು ನಮಗಿಲ್ಲ, ಒಳಗಿರುವುದನ್ನೆಲ್ಲ ಅಳಿಸಬೇಕಾಯಿತು. ಮಾಡುವಾಗಲೇ ಕೀಲಿಯನ್ನು ಜೊತೆಗಿಟ್ಟು ಹೋಗಿ, ಇಷ್ಟೇ ನಮ್ಮ ಬೇಡಿಕೆ. ಕುಂಕುಮದ ಪಾಡು ನಾನು ನೋಡಿಕೊಳ್ಳುತ್ತೇನೆ. ಪಾಟಿಯ ಬೆನ್ನಿನ ಮೇಲೆ ಒಂದು ವೃತ್ತ ಬರೆದಿದ್ದೇನೆ, ಈ ಸಲದ ಪೂಜೆಯಲ್ಲಿ ಅಲ್ಲಿಗೇ ಹಚ್ಚಬೇಕೆಂದು. ಬೆನ್ನಿಗೆ ಕುಂಕುಮ ಹಚ್ಚುವ ಪದ್ಧತಿ ಯಾವ ಊರಿನದು ಎಂದು ದ್ಯಾಮವ್ವ ಇನ್ನೂ ಗೊಣಗುತ್ತಿದ್ದಾಳೆ.

ಪತ್ರ ನಿಲ್ಲಿಸಬೇಕು. ಮಹಾನಂದಾಳ ಮಗಳು ಅಂಬೆಗಾಲಿಟ್ಟು ಬಂದು ಆ ಪಾಟಿಯನ್ನು ನೆಕ್ಕಿ ನೆಕ್ಕಿ ತೆರೆಯನ್ನು ಮತ್ತೆ ಅಡ್ಡ ತಿರುಗಿಸಿಟ್ಟಿದ್ದಾಳೆ. ಸರಿಮಾಡಲು ಅರ್ಧ ದಿನದ ಕೆಲಸ. ಬೈಯೋಣವೆಂದು ಬಾಯಿ ತೆರೆದೆ, ಆಗಲಿಲ್ಲ.